ವರಿಷ್ಠರು ಹೇಳಿದ ಹಾಗೆ..

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಗಿಹೋಯ್ತು. ಕೊನೆಕೊಯ್ಲು, ಅದರ ಬೆನ್ನಿಗೇ ಅಡಿಕೆ ಸುಲಿಯುವ ಗಡಿಬಿಡಿ, ನಡುವೆ ಎರಡು ಮದುವೆ, ಒಂದು ಉಪನಯನ. ಇವತ್ತೂ ಬರೆಯುವ ಯೋಚನೆ ಇರಲಿಲ್ಲ. ಆದರೆ ಮೊನ್ನೆ ಯಲ್ಲಾಪುರದಲ್ಲಿ ಒಂದು ಕೋಣೆಯೊಳಗೆ ಕೂತು ಒಂದೇ ಒಂದು ವಾಕ್ಯವನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಕೇಳಿ ಬಂದೆ. ಅದು ಇನ್ನೂ ಕಿವಿಯಲ್ಲಿ ಗುಂಯ್‌ಗುಡ್ತಾ ಇದೆ. ಬರೆದುಬಿಟ್ಟರೆ ಹೋಗಬಹುದು ಅಂತ ಕೂತಿದ್ದೇನೆ.

ಮೊದಲೇ ಹೇಳಿಬಿಡ್ತೇನೆ, ಇದು ರಾಜಕೀಯದ ವಿಷಯ. ಆದರೆ ಯಾರಿಗೆ ಮತ ಹಾಕಬೇಕು ಅನ್ನುವ ರಾಜಕೀಯ ಅಲ್ಲ, ಹೆದರಬೇಡಿ :-) ಒಂದು ಪಕ್ಷ ತನ್ನ ನಾಯಕನನ್ನು ಹೇಗೆ ಆರಿಸಿಕೊಳ್ಳುತ್ತದೆ ಅನ್ನುವುದರ ಬಗ್ಗೆ, ಮತ್ತು ನಮ್ಮ ಅಪ್ಪಚ್ಚಿಯ ಬಗ್ಗೆ.

ನಾನು ಒಂದು ಪಕ್ಷದ ಸಣ್ಣ ಕಾರ್ಯಕರ್ತ. ಯಾವ ಪಕ್ಷ ಅಂತ ಕೇಳಬೇಡಿ. ಕೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದುವುದು ನಿಲ್ಲಿಸ್ತೀರಿ, ಇನ್ನರ್ಧ ಜನ ಓದದೇ ಚಪ್ಪಾಳೆ ಹೊಡೀತೀರಿ. ಎರಡೂ ಬೇಡ. ಹೇಗಿದ್ದರೂ ಈ ವಿಷಯದಲ್ಲಿ ಪಕ್ಷಗಳ ನಡುವೆ ದೊಡ್ಡ ವ್ಯತ್ಯಾಸ ಏನಿಲ್ಲ.

ಯಲ್ಲಾಪುರದ ಕಡೆಯ ಒಂದು ಘಟಕಕ್ಕೆ ಹೊಸ ಅಧ್ಯಕ್ಷರು ಬೇಕಾಗಿತ್ತು. ಅಂಥ ಸಂದರ್ಭದಲ್ಲಿ ಹೊರಗಿನಿಂದ ಒಬ್ಬ ವೀಕ್ಷಕರನ್ನು ಕಳಿಸುವುದು ಪದ್ಧತಿ. ಅವರ ಜೊತೆ ಬರೆದುಕೊಳ್ಳಲಿಕ್ಕೆ ಒಬ್ಬ ಬೇಕಲ್ಲ? "ನಿಮ್ಮ ಅಕ್ಷರ ಚೆನ್ನಾಗಿದೆ, ನೀವೇ ಹೋಗಿ ಬನ್ನಿ" ಅಂದರು. ಸಿದ್ದಾಪುರದಿಂದ ಶಿರಸಿ, ಅಲ್ಲಿಂದ ಮಂಚಿಕೇರಿ ಮೇಲೆ ಯಲ್ಲಾಪುರ. ಬೇಡ್ತಿ ಸೇತುವೆ ದಾಟುವಾಗ ನೀರು ನೋಡುವುದು ಬಿಟ್ಟು ಖಾಲಿ ನೋಟ್‌ಬುಕ್ಕಿಗೆ ಗೆರೆ ಹಾಕ್ತಾ ಇದ್ದೆ. ಹೆಸರು, ಊರು, ಜವಾಬ್ದಾರಿ, ಅಭಿಪ್ರಾಯ ಅಂತ ನಾಲ್ಕು ಕಾಲಂ.

ಒಬ್ಬೊಬ್ಬರನ್ನೇ ಒಳಗೆ ಕರೆಯುವುದು. ಬಾಗಿಲು ಹಾಕುವುದು. ವೀಕ್ಷಕರು ಕೇಳುವುದು, "ಅಧ್ಯಕ್ಷರು ಯಾರಾದರೆ ಒಳ್ಳೆಯದು ನಿಮ್ಮ ಪ್ರಕಾರ?"

ಮೊದಲು ಬಂದವರು ಕೈಮುಗಿದು ಹೇಳಿದರು, "ವರಿಷ್ಠರು ಯಾರನ್ನು ಹೇಳ್ತಾರೋ ಅವರು." ಎರಡನೆಯವರೂ ಅದೇ. ಮೂರನೆಯವರು ಸ್ವಲ್ಪ ಯೋಚಿಸಿ, ಹಿಂದೆ ತಿರುಗಿ ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ನೋಡಿ, ಆಮೇಲೆ ಹೇಳಿದರು, "ವರಿಷ್ಠರು ಹೇಳಿದ ಹಾಗೆ." ನಾನು ಪ್ರತಿ ಸಲವೂ ಬರೆದುಕೊಂಡೆ. ಹತ್ತನೆಯವರ ಹೊತ್ತಿಗೆ ಬರೆಯುವುದು ಬಿಟ್ಟು ಮೇಲಿನ ಸಾಲಿಗೆ ಹಾಕುವ ಹಾಗೆ ಎರಡು ಗೀಟು ಎಳೆಯಲು ಶುರು ಮಾಡಿದೆ. ಆ ಗೀಟು ಎಳೆಯುವಾಗಲೇ ಕೈ ತಡೆಯಿತು. ಅಪ್ಪಚ್ಚಿ ನೆನಪಾದ.

*

ಈ ಕಥೆ 1983ರ ಜನವರಿಯಿಂದಲೇ ಹೇಳಬೇಕು. ನಾನಾಗ ಎರಡನೇ ಕ್ಲಾಸು. ಅಡಿಕೆ ಸುಲಿಯುವ ಕಾಲ. ರಾತ್ರಿ ಗ್ಯಾಸ್‌ಲೈಟಿನ ಕೆಳಗೆ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಊರ ಜನ ಕೂರುತ್ತಿದ್ದರು. ಕೈ ಅದರಷ್ಟಕ್ಕೆ ಸುಲಿಯುತ್ತಿತ್ತು, ಬಾಯಿ ಅದರಷ್ಟಕ್ಕೆ ಮಾತಾಡುತ್ತಿತ್ತು. ಕಂಬಕ್ಕೆ ನೇತುಹಾಕಿದ ರೇಡಿಯೋ ಬೇರೆ.

ಆ ವರ್ಷ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತ್ತು. 224 ಸ್ಥಾನಗಳಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಸೇರಿ 95, ಕಾಂಗ್ರೆಸ್ 82, ಬಿಜೆಪಿ 18. ಗೆದ್ದವರಿಗೆ ಬಹುಮತವೂ ಇಲ್ಲ, ನಾಯಕನೂ ಇಲ್ಲ. ಕ್ರಾಂತಿರಂಗದ ಬಂಗಾರಪ್ಪನವರು ತಮಗೇ ಅಂತ ಇದ್ದರು. ಜನತಾ ಕಡೆಯಲ್ಲಿ ದೇವೇಗೌಡರು, ಎಸ್.ಆರ್. ಬೊಮ್ಮಾಯಿಯವರು. ಒಬ್ಬರು ಆದರೆ ಇನ್ನೊಬ್ಬರು ಒಪ್ಪುವುದಿಲ್ಲ. ದಿನ ಹೋಯ್ತು, ಎರಡು ದಿನ ಹೋಯ್ತು. ಅಜ್ಜ ಮೆಟ್ಟುಗತ್ತಿಯಿಂದ ತಲೆ ಎತ್ತದೇ ಹೇಳಿದ್ದು ನನಗಿನ್ನೂ ನೆನಪಿದೆ. "ಬೆಕ್ಕೆರಡು ಜಗಳಾಡಿರೆ ರೊಟ್ಟಿ ಮೂರನೆಯವಂಗೆ. ನೋಡ್ತಾ ಇರಿ."

ಹಾಗೇ ಆಯಿತು. ಮೂರನೆಯವರು ಬಂದರು. ಬಂದವರು ನಮ್ಮ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು! ಅವರು ಆಗ ಶಾಸಕರೇ ಅಲ್ಲ. ಜನತಾ ಪಕ್ಷದ ಅಖಿಲ ಭಾರತ ಪ್ರಧಾನ ಕಾರ್ಯದರ್ಶಿ. ಆ ಚುನಾವಣೆಯಲ್ಲಿ ನಿಂತೂ ಇರಲಿಲ್ಲ. 1983ರ ಜನವರಿ 10ರಂದು ಪ್ರಮಾಣವಚನ ತಗೊಂಡು, ಆಮೇಲೆ ಪಿ.ಜಿ.ಆರ್. ಸಿಂಧ್ಯಾ ಅವರು ಬಿಟ್ಟುಕೊಟ್ಟ ಕನಕಪುರದಿಂದ ಗೆದ್ದು ಬಂದರು.

ಅಪ್ಪಚ್ಚಿಗೆ ಆಗ ಇಪ್ಪತ್ತೆಂಟು ವರ್ಷ. ಸುಲಿಯುತ್ತಿದ್ದ ಅಡಿಕೆಯನ್ನು ಹಾಗೇ ಬಿಟ್ಟು, ಚೊಗರು ಹಿಡಿದ ಕಪ್ಪು ಕೈಯಲ್ಲೇ ನನ್ನನ್ನು ಎತ್ತಿ ಮೇಲೆ ಹಾರಿಸಿದ್ದ. ನನ್ನ ಬಿಳಿ ಅಂಗಿಯ ಮೇಲೆ ಎರಡು ಕಡೆ ಅವನ ಕೈಯ ಅಚ್ಚು. ಚೊಗರಿನ ಕಲೆ ಹೋಗುವುದಿಲ್ಲ ಅಂತ ಗೊತ್ತಲ್ಲ? ಆಯಿ ಒಂದು ವಾರ ಬೈದಿದ್ದಳು. ಆ ಅಂಗಿ ಹರಿಯುವವರೆಗೂ ನಾನು ಮುಖ್ಯಮಂತ್ರಿ ಆಯ್ಕೆಯ ಕಲೆ ಹೊತ್ತುಕೊಂಡೇ ಶಾಲೆಗೆ ಹೋದೆ.

ಅಪ್ಪಚ್ಚಿಯ ಮಟ್ಟಿಗೆ ಅದು ಸರಿಯಾದ ಕ್ರಮ. "ಕಿತ್ತಾಡಿದವ್ಕೆ ಕೊಡದಲ್ಲ, ಎಲ್ಲರೂ ಒಪ್ಪುವವ್ರಿಗೆ ಕೊಡದು" ಅಂತ ಅವನ ಸಿದ್ಧಾಂತ. ಆ ಸಿದ್ಧಾಂತ ಅವನ ಕೈಬಿಡಲಿಕ್ಕೆ ಹನ್ನೊಂದು ವರ್ಷ ಸಾಕಾಯಿತು.

1994ರ ಡಿಸೆಂಬರ್. ಮತ್ತೆ ಅಡಿಕೆಯ ಕಾಲವೇ. ಜನತಾದಳ ಈ ಸಲ 115 ಸ್ಥಾನ ಗೆದ್ದಿತ್ತು, ಯಾರ ಹಂಗೂ ಬೇಕಿರಲಿಲ್ಲ. ಹೆಗಡೆಯವರೇ ಮತ್ತೆ ಅಂತ ನಮ್ಮ ಕಡೆ ಕಾದರು. ಶಾಸಕರ ಬಲ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ದೇವೇಗೌಡರ ಕಡೆಗಿತ್ತು. ಅವರೇ ನಾಯಕರಾದರು. ಅಪ್ಪಚ್ಚಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನ್ಯಾಯವಾಗಿ ನೋಡಿದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಶಾಸಕರು ಯಾರ ಜೊತೆ ಇದ್ದಾರೋ ಅವರು ನಾಯಕ. 1983ರಲ್ಲಿ ಶಾಸಕನೇ ಅಲ್ಲದವರು ಬಂದಾಗ ಹಾರಿದವರು, 1994ರಲ್ಲಿ ಶಾಸಕರು ಒಪ್ಪಿದವರು ಬಂದಾಗ ಮುಖ ಊದಿಸಿಕೊಂಡರೆ ಹೇಗೆ? ನಾನು ಕಾಲೇಜಿನ ಹುಡುಗ, ಇದನ್ನು ಅವನೆದುರಿಗೇ ಕೇಳಿದೆ. ಅವನು ಕವಳದ ತಟ್ಟೆ ನನ್ನ ಕಡೆ ತಳ್ಳಿ ಎದ್ದು ಹೋದ.

ಇನ್ನೂ ಒಂದು ಬಾಕಿಯಿತ್ತು. 1996ರಲ್ಲಿ ದೆಹಲಿಯಲ್ಲಿ ಸಂಯುಕ್ತ ರಂಗದವರು ಪ್ರಧಾನಿಯನ್ನು ಹುಡುಕುತ್ತಿದ್ದರು. ವಿ.ಪಿ. ಸಿಂಗ್ ಬೇಡ ಅಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಬೇಡ ಅಂದಿತು. ರೊಟ್ಟಿ ಮತ್ತೆ ಮೂರನೆಯವರಿಗೆ. ಹಾಸನ ಜಿಲ್ಲೆಯ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾದರು, ಇಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು. ಅದೇ ತಿಂಗಳುಗಳಲ್ಲಿ ಹೆಗಡೆಯವರನ್ನು ಜನತಾದಳದಿಂದ ಉಚ್ಚಾಟಿಸಿದರು. ಆಮೇಲೆ ಲೋಕಶಕ್ತಿ, ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿ, 2004ರ ಜನವರಿ 12ರಂದು ನಿಧನ. ಇದೆಲ್ಲ ನಿಮಗೆ ಗೊತ್ತಿರುವುದೇ. ಜನತಾ ಪರಿವಾರ ಹೋಳು ಹೋಳಾದ ಮೇಲೆ ನಮ್ಮ ಕಡೆಯ ಕಾರ್ಯಕರ್ತರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ಅಪ್ಪಚ್ಚಿಯೂ ಒಂದು ದಿಕ್ಕು ಹಿಡಿದ. ಕೆಲವು ವರ್ಷಗಳ ನಂತರ, ನಾನು ಬೆಂಗಳೂರು ಬಿಟ್ಟು ಊರಿಗೆ ಬಂದು ಸಿದ್ದಾಪುರದಲ್ಲಿ ಜೆರಾಕ್ಸ್ ಅಂಗಡಿ ಹಾಕುವ ಲೆಕ್ಕಾಚಾರದಲ್ಲಿದ್ದಾಗ, ನನ್ನನ್ನೂ ಅದೇ ದಿಕ್ಕಿಗೆ ಸದಸ್ಯ ಮಾಡಿದ.

*

ನಮ್ಮ ದೇಶದಲ್ಲಿ ಪಕ್ಷದ ನಾಯಕನ ಆಯ್ಕೆ ಯಕ್ಷಗಾನದ ಹಾಗೆ. ನಾವು ನೋಡುವುದು ಒಡ್ಡೋಲಗ ಮಾತ್ರ. ಯಾರು ಯಾವ ವೇಷ ಅನ್ನುವುದು ಚೌಕಿಯಲ್ಲೇ ತೀರ್ಮಾನ ಆಗಿರ್ತದೆ.

ಸಂವಿಧಾನದ 164ನೇ ವಿಧಿ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಅಂತ ಮಾತ್ರ ಹೇಳ್ತದೆ. ಪಕ್ಷ ತನ್ನ ನಾಯಕನನ್ನು ಹೇಗೆ ಆರಿಸಬೇಕು ಅಂತ ಅಲ್ಲಿ ಇಲ್ಲ. ಹಾಗಾಗಿ ಆ ಜಾಗದಲ್ಲಿ ಪದ್ಧತಿಗಳು ಬೆಳೆದುಕೊಂಡವು. ದೆಹಲಿಯಿಂದ ವೀಕ್ಷಕರು ಬರುತ್ತಾರೆ. ಶಾಸಕರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಾರೆ. ಕೊನೆಗೆ ಎಲ್ಲರೂ ಸೇರಿ ಒಂದು ಸಾಲಿನ ನಿರ್ಣಯ ಮಾಡುತ್ತಾರೆ, "ಆಯ್ಕೆಯ ಅಧಿಕಾರವನ್ನು ಹೈಕಮಾಂಡಿಗೆ ಒಪ್ಪಿಸಲಾಗಿದೆ" ಅಂತ. ಯಾರನ್ನು ಆರಿಸಬೇಕು ಅಂತ ಕೂಡಿದ ಸಭೆ, ನಾವು ಆರಿಸುವುದಿಲ್ಲ ಅಂತ ಒಮ್ಮತದಿಂದ ತೀರ್ಮಾನಿಸಿ ಚಹಾ ಕುಡಿದು ಏಳುತ್ತದೆ.

ಇದರ ನಾಟಕೀಯ ಆವೃತ್ತಿ ಬೇಕಾದರೆ 1989ರ ಡಿಸೆಂಬರ್ 1 ನೋಡಿ. ಸಂಸತ್ತಿನ ಸೆಂಟ್ರಲ್ ಹಾಲ್. ಜನತಾದಳದ ಸಂಸದರು ನಾಯಕನನ್ನು ಆರಿಸಬೇಕು. ವಿ.ಪಿ. ಸಿಂಗ್ ಎದ್ದು ದೇವಿಲಾಲರ ಹೆಸರು ಸೂಚಿಸಿದರು. ಚಂದ್ರಶೇಖರ್ ಅನುಮೋದಿಸಿದರು. ದೇವಿಲಾಲ್ ಅವಿರೋಧ ಆಯ್ಕೆ ಅಂತ ಘೋಷಣೆಯೂ ಆಯ್ತು. ಆಮೇಲೆ ದೇವಿಲಾಲ್ ಎದ್ದು ನಿಂತು, ನನಗೆ ಬೇಡ, ವಿ.ಪಿ. ಸಿಂಗ್ ಆಗಲಿ ಅಂದುಬಿಟ್ಟರು. ಚೌಕಿಯಲ್ಲಿ ಮಾತಾಗಿದ್ದು ಚಂದ್ರಶೇಖರರಿಗೆ ಗೊತ್ತಿರಲಿಲ್ಲ. ಅವರು ಸಿಟ್ಟಿನಿಂದ ಎದ್ದು ಹೋದರು. ಮುಂದಿನ ವರ್ಷ ಆ ಸರ್ಕಾರವೇ ಬಿತ್ತು, ಚಂದ್ರಶೇಖರರೇ ಪ್ರಧಾನಿಯಾದರು.

ಒಮ್ಮೊಮ್ಮೆ ಮತಪೆಟ್ಟಿಗೆಯೂ ಬರುತ್ತದೆ. 2011ರ ಆಗಸ್ಟ್‌ನಲ್ಲಿ ಯಡಿಯೂರಪ್ಪನವರ ರಾಜೀನಾಮೆಯ ನಂತರ ಬಿಜೆಪಿಯಲ್ಲಿ ಸದಾನಂದ ಗೌಡರು ಮತ್ತು ಜಗದೀಶ ಶೆಟ್ಟರ್ ನಡುವೆ ಗುಪ್ತ ಮತದಾನವೇ ನಡೆಯಿತು. ಸದಾನಂದ ಗೌಡರು ಗೆದ್ದರು. ಒಂದು ವರ್ಷ ತುಂಬುವ ಮೊದಲೇ, 2012ರ ಜುಲೈನಲ್ಲಿ, ಸೋತಿದ್ದ ಶೆಟ್ಟರ್ ಮುಖ್ಯಮಂತ್ರಿ! 2013ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನಲ್ಲೂ ಗುಪ್ತ ಮತದಾನ ಆಗಿ ಸಿದ್ದರಾಮಯ್ಯನವರು ನಾಯಕರಾದರು, ಅವರು ಐದು ವರ್ಷ ಪೂರ್ತಿ ಮುಗಿಸಿದರು. 2021ರ ಜುಲೈ 27ರಂದು ಮತ್ತೆ ಹಳೇ ಕ್ರಮ. ಟಿವಿಯವರ ಪಟ್ಟಿಯಲ್ಲಿ ಆಗ ವಿಧಾನಸಭಾಧ್ಯಕ್ಷರಾಗಿದ್ದ ನಮ್ಮ ಶಿರಸಿಯ ಕಾಗೇರಿಯವರ ಹೆಸರೂ ಓಡಿತ್ತು. ಇಲ್ಲಿಯ ಚಹಾದಂಗಡಿಗಳಲ್ಲಿ ಒಂದು ದಿನದ ಮಟ್ಟಿಗೆ ಎಲ್ಲರ ಧ್ವನಿ ಒಂದು ಕಟ್ಟೆ ಏರಿತ್ತು. ಸಂಜೆ ಸಭೆಯಲ್ಲಿ ಯಡಿಯೂರಪ್ಪನವರು ಸೂಚಿಸಿದ ಹೆಸರು ಬಸವರಾಜ ಬೊಮ್ಮಾಯಿ. 1983ರಲ್ಲಿ ಕಾದಿದ್ದ ಬೊಮ್ಮಾಯಿಯವರ ಮಗ. ಆ ಅಪ್ಪ ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದ್ದು, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ರಾಜಭವನದಲ್ಲಿ ಅಲ್ಲ ಅಂತ. ಸರ್ಕಾರಕ್ಕೆ ಆ ನಿಯಮ ಬಂತು. ಪಕ್ಷದ ಒಳಗಿನ ಕೋಣೆಗೆ ಇನ್ನೂ ಬರಲಿಲ್ಲ.

ಎಲ್ಲರೂ ಮತ ಹಾಕಿದರೆ ಎಲ್ಲಾ ಸರಿಹೋಗ್ತದೆ ಅಂತಲೂ ನಾನು ಹೇಳ್ತಾ ಇಲ್ಲ. 2022ರಲ್ಲಿ ಇಂಗ್ಲೆಂಡಿನ ಕನ್ಸರ್ವೇಟಿವ್ ಪಕ್ಷದ ಸಂಸದರು ರಿಷಿ ಸುನಕ್ ಅವರಿಗೆ ಹೆಚ್ಚು ಮತ ಕೊಟ್ಟರು. ಪಕ್ಷದ ಸಾಮಾನ್ಯ ಸದಸ್ಯರು ಲಿಜ್ ಟ್ರಸ್ ಅವರನ್ನು ಗೆಲ್ಲಿಸಿದರು. ಎರಡು ತಿಂಗಳಾಗುವ ಮೊದಲೇ ಅವರು ಹೋದರು, ಸುನಕ್ ಬಂದರು. ಅದೇ ಅಕ್ಟೋಬರಿನಲ್ಲಿ ನಮ್ಮ ಕಲಬುರಗಿಯ ಖರ್ಗೆಯವರು ಶಶಿ ತರೂರ್ ವಿರುದ್ಧ ನಿಂತು 7,897 ಮತ ಪಡೆದು ಕಾಂಗ್ರೆಸ್ ಅಧ್ಯಕ್ಷರಾದರು. ತರೂರ್‌ಗೆ ಬಿದ್ದಿದ್ದು 1,072. ಫಲಿತಾಂಶ ಮೊದಲೇ ಗೊತ್ತಿತ್ತು ಅಂತ ಎಲ್ಲರೂ ನಕ್ಕರು. ನನಗೆ ಮಾತ್ರ ಆ 1,072 ಜನರ ಮೇಲೆ ಹೊಟ್ಟೆಕಿಚ್ಚಾಯಿತು. ಗೆಲ್ಲುವುದಿಲ್ಲ ಅಂತ ಗೊತ್ತಿದ್ದೂ ಅವರು ತಮ್ಮ ಮನಸ್ಸಿನಲ್ಲಿದ್ದ ಹೆಸರಿಗೇ ಗುರುತು ಹಾಕಿದ್ದರು.

ಯಾಕೆ ಹೊಟ್ಟೆಕಿಚ್ಚು ಅಂದರೆ..

*

2009ರ ಮಳೆಗಾಲ. ನಮ್ಮ ಘಟಕಕ್ಕೆ ಹೊಸ ಅಧ್ಯಕ್ಷರು ಆಗಬೇಕಿತ್ತು. ಅಪ್ಪಚ್ಚಿ ಅಷ್ಟು ಹೊತ್ತಿಗೆ ಆ ಪಕ್ಷಕ್ಕೆ ಹತ್ತು ವರ್ಷ ದುಡಿದಿದ್ದ. ದುಡಿಯುವುದು ಅಂದರೆ ಭಾಷಣ ಅಲ್ಲ. ಎಂ-80 ಗಾಡಿಯ ಹಿಂದೆ ಬ್ಯಾನರ್ ಕಟ್ಟಿಕೊಂಡು ಕೇರಿ ಕೇರಿ ತಿರುಗುವುದು, ಮತದಾರರ ಚೀಟಿ ಬರೆಯುವುದು, ಮತದಾನದ ದಿನ ಬೂತಿನಲ್ಲಿ ಕೂರುವ ಹುಡುಗರಿಗೆ ಮನೆಯಿಂದ ಅವಲಕ್ಕಿ ಮೊಸರು ಕಟ್ಟಿಸಿಕೊಂಡು ಹೋಗುವುದು. ಪೆಟ್ರೋಲಿಗೆ ಹಾಕಿದ ದುಡ್ಡಿನಲ್ಲಿ ಎರಡು ಎಮ್ಮೆ ತಗೊಳ್ಳಬಹುದಿತ್ತು ಅಂತ ಚಿಕ್ಕಿ ಲೆಕ್ಕ ಹೇಳ್ತಿದ್ದಳು.

ಅವನು ಎಂದೂ ಏನೂ ಕೇಳಿದವನಲ್ಲ. ಆ ಸಲ ಮಾತ್ರ ಒಂದು ಆಸೆ ಇತ್ತು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಭೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಹೊಸ ಕೊಡೆ ಹಿಡಿದಿದ್ದ. ನಮಗೆಲ್ಲ ಅರ್ಥವಾಯಿತು. ಎಲ್ಲರೂ ಹೊರಗೆ ಅವನ ಬೆನ್ನು ತಟ್ಟಿದರು. "ಈ ಸಲ ನೀವೇ ಹೆಗಡೇರೇ, ಬೇರೆ ಯಾರಿದ್ದಾರೆ!" ಇನ್ನೊಬ್ಬ ಆಕಾಂಕ್ಷಿ ಇದ್ದರು. ನಾನು ಅಂಗಡಿಗೆ ಸಾಲ ಕೇಳಿದ್ದ ಕಡೆ ಅವರಿಗೆ ಸ್ವಲ್ಪ ಮಾತು ನಡೆಯುತ್ತದೆ ಅಂತ ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು.

ಬಾಗಿಲು ಹಾಕಿದ ಕೋಣೆ. ವೀಕ್ಷಕರು ಹುಬ್ಬಳ್ಳಿ ಕಡೆಯವರು, ಒಳ್ಳೆಯ ಮನುಷ್ಯರೇ. ಕೇಳಿದರು, "ಯಾರಾದರೆ ಒಳ್ಳೆಯದು?"

ನಾಲಿಗೆಯ ತುದಿಯಲ್ಲಿ ಅಪ್ಪಚ್ಚಿಯ ಹೆಸರಿತ್ತು. ಆದರೆ ಈ ಕೋಣೆಯ ಮಾತು ಹೊರಗೆ ಹೋಗದೇ ಇರ್ತದೆ ಅಂತ ಯಾರು ಹೇಳಿದರು? ಸಾಲ ಇನ್ನೂ ಮಂಜೂರಾಗಿರಲಿಲ್ಲ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಆಮಿಷ ಒಡ್ಡಿರಲಿಲ್ಲ. ನಾನೇ ನನ್ನಷ್ಟಕ್ಕೆ ಹೆದರಿಕೊಂಡೆ. ಹೇಗಿದ್ದರೂ ಉಳಿದವರೆಲ್ಲ ಅವನ ಹೆಸರು ಹೇಳಿರ್ತಾರೆ, ನನ್ನದೊಂದು ಇಲ್ಲದಿದ್ದರೆ ಏನು ಅಂದುಕೊಂಡೆ.

"ವರಿಷ್ಠರು ಹೇಳಿದ ಹಾಗೆ ಸಾರ್" ಅಂದೆ.

ಅವರು ತಲೆಯಾಡಿಸಿ ಬರೆದುಕೊಂಡರು. ಅರ್ಧ ನಿಮಿಷದ ಕೆಲಸ.

ಹದಿನೈದು ದಿನ ಬಿಟ್ಟು ಲಕೋಟೆ ಬಂತು. ಅಪ್ಪಚ್ಚಿಯೂ ಅಲ್ಲ, ಆ ಇನ್ನೊಬ್ಬರೂ ಅಲ್ಲ. ಮೂರನೆಯವರು! ಸಭೆಗೆ ಅಪರೂಪಕ್ಕೆ ಬರುತ್ತಿದ್ದವರು. "ಒಮ್ಮತ ಮೂಡದ ಕಾರಣ ಎಲ್ಲರೂ ವರಿಷ್ಠರ ತೀರ್ಮಾನಕ್ಕೆ ಬಿಟ್ಟಿದ್ದಾರೆ" ಅಂತ ವಿವರಣೆ. ಹೊಸ ಅಧ್ಯಕ್ಷರ ಹೆಸರನ್ನು ಸಭೆಯಲ್ಲಿ ಅನುಮೋದಿಸಲು ಅಪ್ಪಚ್ಚಿಯನ್ನೇ ಕರೆದರು. ಅವನು ಎದ್ದು ನಿಂತು ಗಟ್ಟಿ ಧ್ವನಿಯಲ್ಲಿ ಅನುಮೋದಿಸಿದ, ಹಾರ ಹಾಕಿದ. ಕೈ ನಡುಗಲಿಲ್ಲ. ನಾನು ನೋಡ್ತಾ ಇದ್ದೆ.

ವಾಪಸು ಬರುವಾಗ ಜೋರು ಮಳೆ. ಎಂ-80 ನಿಲ್ಲಿಸಿ ಕಾನಸೂರಿನ ಒಂದು ಅಂಗಡಿಯ ಮಾಡಿನ ಕೆಳಗೆ ಚಹಾಕ್ಕೆ ನಿಂತೆವು. ತುಂಬಾ ಹೊತ್ತಿನ ಮೇಲೆ ಅವನು ಮಾತಾಡಿದ.

"ತಮಾ, ಯನ್ನ ವಿರುದ್ಧ ಯಾರೂ ಒಂದು ಮಾತೂ ಹೇಳಿದ್ವಿಲ್ಲೆಯಡ."

ನಾನು ಲೋಟ ನೋಡ್ತಾ ಇದ್ದೆ.

"ಯನ್ನ ಹೆಸ್ರನ್ನೂ ಯಾರೂ ಹೇಳಿದ್ವಿಲ್ಲೆಯಡ."

ಅಷ್ಟೇ. ಆಮೇಲೆ ಆ ವಿಷಯ ಅವನು ಎತ್ತಲಿಲ್ಲ. ನನ್ನ ಸಾಲ ಮಂಜೂರಾಯಿತು. ಆಮೇಲೆ ತಿಳಿಯಿತು, ಆ ಇನ್ನೊಬ್ಬ ಆಕಾಂಕ್ಷಿಗೂ ಅದಕ್ಕೂ ಏನೇನೂ ಸಂಬಂಧ ಇರಲಿಲ್ಲವಂತೆ. ಅಂಗಡಿಯ ಬಾಗಿಲು ತೆಗೆದ ದಿನ ಮೊದಲ ಜೆರಾಕ್ಸಿಗೆ ಬಂದವನು ಅಪ್ಪಚ್ಚಿಯೇ. ಪಹಣಿ ಪತ್ರಿಕೆಯ ಎರಡು ಪ್ರತಿ. ದುಡ್ಡು ಬೇಡ ಅಂದರೂ ಕೇಳದೆ ಎರಡು ರೂಪಾಯಿ ಇಟ್ಟು ಹೋದ.

*

ಹದಿನಾಲ್ಕು ವರ್ಷ ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. 2023ರ ಮೇ ತಿಂಗಳಲ್ಲಿ ಅದು ಹೊರಗೆ ಬಿತ್ತು.

ಕಾಂಗ್ರೆಸ್ 135 ಸ್ಥಾನ ಗೆದ್ದಿತ್ತು. ಸಿದ್ದರಾಮಯ್ಯನವರೋ ಶಿವಕುಮಾರರೋ ಅಂತ ಟಿವಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ. ಮೇ 14ರ ರಾತ್ರಿ ಬೆಂಗಳೂರಿನ ಹೋಟೆಲಿನಲ್ಲಿ ಶಾಸಕಾಂಗ ಪಕ್ಷದ ಸಭೆ, ದೆಹಲಿಯಿಂದ ಮೂರು ಜನ ವೀಕ್ಷಕರು. ಅಪ್ಪಚ್ಚಿಯ ಮನೆಯ ಜಗಲಿಯಲ್ಲಿ ನಾವಿಬ್ಬರೂ ಟಿವಿ ಎದುರು. ಒಂದು ಸಾಲಿನ ನಿರ್ಣಯ, ಆಯ್ಕೆ ಎಐಸಿಸಿ ಅಧ್ಯಕ್ಷರಿಗೆ ಬಿಟ್ಟಿದ್ದು ಅಂತ ಸುದ್ದಿ ಬಂತು. ಒಬ್ಬೊಬ್ಬ ಶಾಸಕರ ಅಭಿಪ್ರಾಯ ತಗೊಳ್ತಾ ಇದ್ದಾರೆ ಅಂತಲೂ ಬಂತು. ತೀರ್ಮಾನ ಹೊರಬಿದ್ದಿದ್ದು 18ಕ್ಕೆ.

"ಒಳಗೆ ಹೋದವು ಎಂತ ಹೇಳ್ತ್ವೇನ" ಅಂದ ಅಪ್ಪಚ್ಚಿ, ನಗುತ್ತಾ.

ನನಗೆ ಏನಾಯಿತೋ. "ಅಪ್ಪಚ್ಚಿ, ಅವತ್ತು ಆ ರೂಮಲ್ಲಿ ಆನು ನಿನ್ನ ಹೆಸ್ರು ಹೇಳಿದ್ನಿಲ್ಲೆ" ಅಂದುಬಿಟ್ಟೆ.

ಅವನು ಟಿವಿಯ ಧ್ವನಿ ಕಡಿಮೆ ಮಾಡಿದ. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ. ಎಲೆಗೆ ಸುಣ್ಣ ಹಚ್ಚಿದ. ಆ ಎಲೆ ಮಡಿಚುವಷ್ಟು ಹೊತ್ತು ನನಗೆ ಹದಿನಾಲ್ಕು ವರ್ಷಕ್ಕಿಂತ ಉದ್ದ ಅನ್ನಿಸಿತು.

"ಗೊತ್ತಿದ್ದು" ಅಂದ.

"ಹ್ಯಾಂಗೆ?"

"ಯಾರೂ ಹೇಳಿದ್ವಿಲ್ಲೆ ಹೇಳಾದಮೇಲೆ ನೀನೂ ಹೇಳಿದ್ದಿಲ್ಲೆ ಹೇಳೇ ಆತಲ." ಸ್ವಲ್ಪ ಹೊತ್ತು ಬಿಟ್ಟು ಅವನೇ ಮುಂದುವರಿಸಿದ. "ಅದಿರ್ಲಿ, ಯನ್ನನ್ನೂ ಒಳಗೆ ಕರದಿದ್ದ. ಅಧ್ಯಕ್ಷ ಯಾರಾಗವು ಹೇಳಿ ಕೇಳಿದ. ಯನ್ನನ್ನೇ ಮಾಡಿ ಹೇಳಿ ಹ್ಯಾಂಗೆ ಹೇಳದು ಮಾರಾಯ? ನಾಚಿಕೆ ಆತು. ವರಿಷ್ಠರು ಹೇಳಿದ ಹಾಂಗೆ ಹೇಳಿ ಬಂದಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಅವನು ನಗಲು ಶುರು ಮಾಡಿದ. ಕವಳ ಬಾಯಲ್ಲಿಟ್ಟುಕೊಂಡು ನಕ್ಕು ನಕ್ಕು ಕೆಮ್ಮು ಬಂದು, ಚಿಕ್ಕಿ ನೀರು ತಂದಳು. "ಎಂತಾತು ನಿಂಗಕ್ಕೆ?" ಅಂತ ಅವಳು ಕೇಳಿದರೆ ಇಬ್ಬರ ಹತ್ತಿರವೂ ಉತ್ತರ ಇಲ್ಲ. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ.

ಅಂದರೆ ನೋಡಿ, ಆ ದಿನ ಆ ಕೋಣೆಗೆ ಹೋದ ಅಷ್ಟೂ ಜನರಲ್ಲಿ ಅಪ್ಪಚ್ಚಿಯ ಹೆಸರು ಹೇಳದೇ ಬಂದವರಲ್ಲಿ ಅಪ್ಪಚ್ಚಿಯೂ ಒಬ್ಬ! ಒಬ್ಬೊಬ್ಬರದೂ ಒಂದೊಂದು ಕಾರಣ. ನನ್ನದು ಸಾಲ. ಅವನದು ನಾಚಿಕೆ. ಇನ್ನೊಬ್ಬರದು ದಾಕ್ಷಿಣ್ಯ. ಮತ್ತೊಬ್ಬರದು, ಉಳಿದವರು ಹೇಳಿರ್ತಾರೆ ಬಿಡು ಅನ್ನುವ ಸೋಮಾರಿತನ. ಇಷ್ಟೆಲ್ಲ ಬೇರೆ ಬೇರೆ ಕಾರಣಗಳು ಬಾಗಿಲ ಒಳಗೆ ಹೋಗಿ ಒಂದೇ ವಾಕ್ಯವಾಗಿ ಹೊರಗೆ ಬಂದವು. ಮೇಲೆ ಕೂತವರು ಅದನ್ನು ಓದಿ, ಇವರಿಗೆಲ್ಲ ನಮ್ಮ ಮೇಲೆ ಎಷ್ಟು ವಿಶ್ವಾಸ ಅಂದುಕೊಂಡರು. ಹೈಕಮಾಂಡ್ ನಮ್ಮ ಬಾಯಿ ಮುಚ್ಚಿಸುತ್ತದೆ ಅಂತ ನಾವು ಬೈಯುತ್ತೇವೆ. ನಮ್ಮ ಆ ಮಳೆಗಾಲದ ಮಟ್ಟಿಗಾದರೂ ಬಾಯಿ ಮುಚ್ಚಿಸಿದವರು ಯಾರೂ ಇರಲಿಲ್ಲ. ನಾವೇ ಮುಚ್ಚಿಕೊಂಡು, ಮೂರನೆಯವನೊಬ್ಬನಿಗೆ ಬಾಗಿಲು ತೆರೆದಿದ್ದೆವು.

*

ಯಲ್ಲಾಪುರದ ಆ ಕೋಣೆಯಲ್ಲಿ ಎರಡು ಗೀಟು ಎಳೆಯುತ್ತಿದ್ದ ಕೈ ತಡೆದಿದ್ದು ಇದಕ್ಕೇ.

ನಾನು ವೀಕ್ಷಕರನ್ನು ಕೇಳಿದೆ, "ಸಾರ್, ಐದನೇ ಕಾಲಂ ಒಂದು ಹಾಕಲಾ? 'ಹೆಸರು ಹೇಳಲಿಲ್ಲ' ಅಂತ." ಅವರು ಕನ್ನಡಕದ ಮೇಲಿನಿಂದ ನೋಡಿದರು. "ಯಾಕೆ, ಅಭಿಪ್ರಾಯ ಹೇಳಿದ್ದಾರಲ್ಲ, ವರಿಷ್ಠರಿಗೆ ಬಿಟ್ಟಿದ್ದು ಅಂತ?" "ಅದು ಅಭಿಪ್ರಾಯ ಅಲ್ಲ ಸಾರ್" ಅಂದೆ. ಅವರು ಸ್ವಲ್ಪ ಸುಮ್ಮನಿದ್ದು, "ಹಾಕಿ, ನೋಡೋಣ" ಅಂದರು. ಆಮೇಲೆ ಬಂದವರನ್ನೆಲ್ಲ ಅವರೇ ಇನ್ನೊಂದು ಸಲ ಕೇಳತೊಡಗಿದರು. "ವರಿಷ್ಠರು ಹೇಳುವುದು ಆಮೇಲೆ. ನೀವು ಹೇಳಿ." ಕೆಲವರು ಆಗ ಒಂದು ಹೆಸರು ಹೇಳಿದರು, ಅದೂ ಪಿಸುದನಿಯಲ್ಲಿ. ಜಾಸ್ತಿ ಜನ ಮತ್ತೆ ಕೈಮುಗಿದರು. ಐದನೇ ಕಾಲಮ್ಮೇ ಉದ್ದ ಆಯಿತು.

ಕೊನೆಗೆ ಒಬ್ಬ ಹೆಂಗಸು ಬಂದರು. ಹಿಂದೆ ಗ್ರಾಮ ಪಂಚಾಯ್ತಿ ಸದಸ್ಯರಾಗಿದ್ದವರು. ಸಂಜೆಯ ಬಸ್ಸು ತಪ್ಪಿಹೋಗ್ತದೆ ಅನ್ನುವ ಅವಸರ, ಕೈಯಲ್ಲಿ ರೇಷನ್ ಚೀಲ. ಕೂರಲೂ ಇಲ್ಲ.

"ಅಧ್ಯಕ್ಷರು ಯಾರಾದರೆ ಒಳ್ಳೆಯದು?"

"ನಾನೇ ಆಗ್ತೆ. ನನ್ನ ಹೆಸರು ಬರ್ಕಳಿ."

ವೀಕ್ಷಕರು ನಕ್ಕರು. "ಬೇರೆ ಯಾರದ್ದಾದರೂ..?"

"ಕೆಲಸ ಮಾಡಿದ್ದು ನಾನು, ಬೇರೆಯವರ ಹೆಸರು ಯಾಕೆ ಹೇಳ್ಲಿ? ಆಗೂದಾದ್ರೆ ಆಗ್ಲಿ, ಇಲ್ದಿದ್ರೆ ಇಲ್ಲ. ಬಸ್ಸು ಬಂತು ಕಾಣ್ತದೆ, ಬರ್ತೆ."

ಹೋದರು. ಬಾಗಿಲು ಹಾಕಲೂ ಇಲ್ಲ.

ಅವರ ಹೆಸರನ್ನು ಅವರ ಹೆಸರಿನ ಎದುರಿಗೇ, ದೊಡ್ಡ ಅಕ್ಷರದಲ್ಲಿ ಬರೆದೆ. ಇಡೀ ದಿನದಲ್ಲಿ ನಾನು ಬರೆದ ಅತ್ಯಂತ ಚಂದದ ಸಾಲು ಅದು. ಲಕೋಟೆಯಲ್ಲಿ ಅವರ ಹೆಸರೇ ಬರ್ತದೆ ಅಂತ ನನಗೇನೂ ಭ್ರಮೆ ಇಲ್ಲ.

ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಕೊನೇ ಬಸ್ಸು ಕಾಯುತ್ತಾ ಅಪ್ಪಚ್ಚಿಗೆ ಫೋನು ಮಾಡಿದೆ. ಅವನಿಗೀಗ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ಕೇಳಿ ಮುಗಿದ ಮೇಲೆ ಅವನು ಆ ಕಡೆಯಿಂದ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಲೈನ್ ಕಟ್ಟಾಯಿತಾ ಅಂತ ನೋಡಿದೆ. ಇಲ್ಲ, ಇತ್ತು.

"ತಮಾ" ಅಂದ ಕೊನೆಗೆ, "ಹಂಗೂ ಹೇಳ್ಲಾಗಿತ್ತು, ಅಲ್ದಾ?"